ಹೊಗಿ ಕೆಮ್ಮು: ಒಲೆ, ಗಣಿ ಮತ್ತು ಟಿ.ಬಿ.ಯ ನೂರು ವರ್ಷದ ಕಥೆ

ನಮ್ಮ ದೊಡ್ಡವ್ವ ನಾಲ್ಕು ತಿಂಗಳು ಕೆಮ್ಮಿದಳು. ತೊಗರಿ ರಾಶಿ ಮುಗಿದು, ತೊಗರಿ ಕಟ್ಟಿಗೆ ಮನೆ ಹಿಂದೆ ಬಂದು ಬಿದ್ದ ಮೇಲೆ ಶುರುವಾದ ಕೆಮ್ಮು. ಯುಗಾದಿ ದಾಟಿದರೂ ನಿಲ್ಲಲಿಲ್ಲ.

“ದವಾಖಾನಿಗಿ ಹೋಗಮ್ ನಡಿ ದೊಡ್ಡವ್ವ” ಅಂದರೆ ಒಂದೇ ಉತ್ತರ.

“ಹೊಗಿ ಕೆಮ್ಮು ಅದ ತಮ್ಮಾ. ಒಲಿ ಮುಂದ ಕುಂತೋರಿಗಿ ಬರ್ತದ, ಹೋಗ್ತದ.”

ಹೋಗಲಿಲ್ಲ. ಆಮೇಲೆ ಒಬ್ಬ ಡಾಕ್ಟರ್ ಹತ್ತಿರ ತೋರಿಸಿದೆವು. ಕೆಮ್ಮಿನ ಔಷಧಿ ಬಾಟಲಿ ಬರೆದುಕೊಟ್ಟರು. ಅದು ಮುಗಿಯಿತು, ಇನ್ನೊಂದು ಬಂತು. ಮೂರನೆಯದೂ ಬಂತು. ಕಫ ಪರೀಕ್ಷೆ ಮಾಡಿಸಿ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಷ್ಟರಲ್ಲಿ ಅವಳು ಎಷ್ಟು ಸೊರಗಿದ್ದಳು ಅಂದರೆ, ಸೀರೆ ಉಟ್ಟರೆ ಒಂದು ಸುತ್ತು ಹೆಚ್ಚಿಗೆ ಬರುತ್ತಿತ್ತು. ಕೊನೆಗೆ ಬೀದರಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿ, ಕಫ ಕೊಟ್ಟಾಗ ಗೊತ್ತಾಯಿತು: ಟಿ.ಬಿ.

ಆರು ತಿಂಗಳು ಗುಳಿಗೆ ನುಂಗಿದಳು. ಈಗ ಆರಾಮಾಗಿದ್ದಾಳೆ. ಆದರೆ ಗುಳಿಗೆ ಶುರುವಾದ ದಿನ ಅವಳು ಕೇಳಿದ ಒಂದು ಮಾತು ನನ್ನನ್ನು ಬಿಡಲಿಲ್ಲ. “ಹಂಗಾದ್ರ ಹೊಗಿಯಿಂದೇ ಟಿ.ಬಿ. ಬಂತೇನೋ?”

ನಾನು ವರದಿಗಾರ. ಊರಿನ ಸುದ್ದಿ ಬರೆದು ಕಳಿಸುವವನು, ಡಾಕ್ಟರ್ ಅಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಒಂದು ದೊಡ್ಡ ಚರಿತ್ರೆಯೇ ಸಿಕ್ಕಿತು. ಅದರ ತುಂಡುಗಳು ಕೋಲಾರದಲ್ಲಿವೆ, ತುಮಕೂರಿನಲ್ಲಿವೆ, ಬೆಂಗಳೂರಿನಲ್ಲಿವೆ. ಒಂದು ತುಂಡು ನಮ್ಮ ಜನವಾಡದ ಹಳೆ ಮನೆಗಳ ಮಾಳಿಗೆ ಮೇಲೂ ಇದೆ. ಅದನ್ನೇ ನಿಮಗೆ ಹೇಳುತ್ತೇನೆ.

ಗಾಳಿಯೇ ಔಷಧಿ ಆಗಿದ್ದಾಗ

ಕ್ಷಯ ಅಂದರೆ ಸವೆಯುವುದು. ರೋಗಿ ದಿನ ದಿನಕ್ಕೆ ಸವೆಯುತ್ತ ಹೋಗುತ್ತಾನೆ ಅಂತ ಆ ಹೆಸರು. ಚರಕ ಸಂಹಿತೆ ಇದನ್ನು ರಾಜಯಕ್ಷ್ಮ ಎಂದು ಕರೆದು ನಾಲ್ಕು ಕಾರಣ ಹೇಳುತ್ತದೆ: ಶಕ್ತಿ ಮೀರಿ ದುಡಿಯುವುದು, ಮಲಮೂತ್ರದಂಥ ವೇಗಗಳನ್ನು ತಡೆಯುವುದು, ದೇಹದ ಧಾತು ಸವೆಯುವುದು, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವುದು. ಈ ನಾಲ್ಕರಲ್ಲಿ ಒಲೆಯ ಹೊಗೆ ಇಲ್ಲ. ನಮ್ಮ ಭಾಗದಲ್ಲಿ ಉರ್ದು ಆಡಳಿತ ಭಾಷೆ ಆಗಿದ್ದಾಗ ಇದರ ಹೆಸರು ತಪೆ ದಿಕ್. ಸಣ್ಣಗೆ ಸುಡುತ್ತ, ಬಿಡದೆ ಕಾಡುವ ಜ್ವರ ಅಂತ ಅರ್ಥ.

1882ರ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕೋಕ್ ಬರ್ಲಿನ್‌ನಲ್ಲಿ ಒಂದು ಸಂಗತಿ ಜಗತ್ತಿಗೆ ತಿಳಿಸಿದ. ಈ ರೋಗಕ್ಕೆ ಕಾರಣ ಒಂದು ಕ್ರಿಮಿ, ಅದು ರೋಗಿಯಿಂದ ಇನ್ನೊಬ್ಬರಿಗೆ ಹರಡುತ್ತದೆ ಅಂತ. ಇವತ್ತಿಗೂ ಮಾರ್ಚ್ 24 ವಿಶ್ವ ಕ್ಷಯರೋಗ ದಿನ. ನಮ್ಮ ಶಾಲೆ ಮಕ್ಕಳು ಆ ದಿನ ಜಾಥಾ ಮಾಡುವುದು ಅದಕ್ಕೇ.

ಕ್ರಿಮಿ ಸಿಕ್ಕಿತು, ಔಷಧಿ ಸಿಗಲಿಲ್ಲ. ಕ್ರಿಮಿಯನ್ನು ಕೊಲ್ಲುವ ಸ್ಟ್ರೆಪ್ಟೋಮೈಸಿನ್ ಸಿಗಲು 1943ರವರೆಗೆ ಕಾಯಬೇಕಾಯಿತು. ನಡುವಿನ ಅರವತ್ತು ವರ್ಷ ಡಾಕ್ಟರುಗಳ ಕೈಯಲ್ಲಿ ಇದ್ದದ್ದು ಮೂರೇ: ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ. ಅದಕ್ಕಾಗಿ ಗುಡ್ಡದ ಮೇಲೆ, ಊರ ಹೊರಗೆ ಸ್ಯಾನಿಟೋರಿಯಂ ಕಟ್ಟಿದರು. ಭಾರತದಲ್ಲಿ ಮೊದಲನೆಯದು 1906ರಲ್ಲಿ ಅಜ್ಮೀರ್ ಹತ್ತಿರದ ತಿಲೋನಿಯಾದಲ್ಲಿ ಬಂತು.

ಮೈಸೂರಿನ ಕಥೆ ಕೇಳಿದರೆ ಈ ರೋಗ ಯಾರನ್ನೂ ಬಿಡಲಿಲ್ಲ ಅಂತ ತಿಳಿಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಕೃಷ್ಣಾಜಮ್ಮಣ್ಣಿ ಮತ್ತು ಆಕೆಯ ಹೆಣ್ಣುಮಕ್ಕಳು ಕ್ಷಯದಿಂದಲೇ ತೀರಿಕೊಂಡರು. ಅರಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ, ವೈದ್ಯರಿಗೂ ಕೊರತೆ ಇರಲಿಲ್ಲ. ಔಷಧಿಯೇ ಇರಲಿಲ್ಲ. ತಂಗಿಯ ನೆನಪಿಗೆ ಮಹಾರಾಜರು ಕಟ್ಟಿಸಿದ್ದೇ ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ. ಅದಕ್ಕೆ ನೂರು ವರ್ಷ ದಾಟಿದೆ.

ನಮ್ಮ ಬೀದರ್ ಆಗ ಮೈಸೂರಿನಲ್ಲಿ ಇರಲಿಲ್ಲ, ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದ್ದು. ಹಾಗಾಗಿ ನಮ್ಮ ಕಡೆ ಗಾಳಿ ಬದಲಾವಣೆಯ ದವಾಖಾನೆ ಅಂದರೆ ವಿಕಾರಾಬಾದ್ ಹತ್ತಿರದ ಅನಂತಗಿರಿ ಗುಡ್ಡ. ನಿಜಾಮರ ಕಾಲದಲ್ಲಿ ಅಲ್ಲಿ ಟಿ.ಬಿ. ಸ್ಯಾನಿಟೋರಿಯಂ ಆಯಿತು. ಬೀದರಿನಿಂದ ರೈಲು ಹಿಡಿದರೆ ವಿಕಾರಾಬಾದ್. ಅಲ್ಲಿಂದ ಗುಡ್ಡ, ಕಾಡು, ತಂಪು ಗಾಳಿ.

ಆದರೆ ಅಲ್ಲಿಗೆ ಎಷ್ಟು ಜನ ಹೋಗಲು ಸಾಧ್ಯ? ಹೊಲ ಬಿಟ್ಟು, ಮಕ್ಕಳನ್ನು ಬಿಟ್ಟು, ತಿಂಗಳುಗಟ್ಟಲೆ ಗುಡ್ಡದ ಮೇಲೆ ಮಲಗಲು ಕೂಲಿ ಮಾಡುವವರಿಗೆ ಆಗುತ್ತದೆಯೇ? ಬಹಳ ಮಂದಿ ಮನೆಯಲ್ಲೇ ಉಳಿದರು. ಹೆಂಗಸರಂತೂ ಅದೇ ಒಲೆಯ ಮುಂದೆ ಉಳಿದರು.

ಕೋಲಾರದ ಧೂಳು ಕಲಿಸಿದ ಪಾಠ

ಕೆಟ್ಟ ಗಾಳಿ ಎದೆಯನ್ನು ಹೇಗೆ ಕೆಡಿಸುತ್ತದೆ ಅಂತ ಕನ್ನಡ ನಾಡಿನಲ್ಲಿ ಮೊದಲು ಲೆಕ್ಕ ಹಾಕಿ ತೋರಿಸಿದ್ದು ಅಡುಗೆ ಮನೆಯಲ್ಲಿ ಅಲ್ಲ, ಕೋಲಾರದ ಚಿನ್ನದ ಗಣಿಯಲ್ಲಿ. ಅದಕ್ಕೇ ಸ್ವಲ್ಪ ಹೊತ್ತು ಅಲ್ಲಿಗೆ ಹೋಗಿ ಬರೋಣ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರ ಸೀಮೆಯಲ್ಲಿ ಗಣಿ ಕೆಲಸ ಶುರು ಮಾಡಿತು. ಚಿನ್ನ ಇದ್ದದ್ದು ಗಟ್ಟಿ ಬಿಳಿ ಕಲ್ಲಿನ ಪದರಗಳಲ್ಲಿ. ಆ ಕಲ್ಲು ಕೊರೆದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಪುಡಿ ಎದೆಗೂಡಿನ ತಳಕ್ಕೆ ಇಳಿದರೆ ವಾಪಸ್ ಬರುವುದಿಲ್ಲ. ಶ್ವಾಸಕೋಶ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಸಿಲಿಕೋಸಿಸ್ ಅಂತ ಹೆಸರು. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು ಕೋಲಾರದಿಂದಲೇ, 1934ರಲ್ಲಿ. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್‌ಗಾಗಿಯೇ ನಿಯಮ ತಂದಿತು. ಆ ದಶಕದಲ್ಲಿ 7,653 ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡಿತು.

ಇದಕ್ಕೂ ಟಿ.ಬಿ.ಗೂ ಏನು ಸಂಬಂಧ ಅಂತೀರಾ? ಗಣಿ ಇದ್ದ ದೇಶಗಳಲ್ಲೆಲ್ಲ ಒಂದು ಮಾತು ಕೇಳಿಬರುತ್ತಿತ್ತು. ಧೂಳು ಕುಡಿದ ಎದೆಗೆ ಕ್ಷಯ ಬೇಗ ಹಿಡಿಯುತ್ತದೆ ಅಂತ. ದಕ್ಷಿಣ ಆಫ್ರಿಕಾದಲ್ಲಿ ‘ಗಣಿಗಾರರ ಕ್ಷಯ’ ಅನ್ನುವ ಹೆಸರಿನಲ್ಲೇ 1911ರಲ್ಲಿ ಪರಿಹಾರದ ಕಾನೂನು ಬಂತು. ಆಗ ಸಿಲಿಕೋಸಿಸ್ ಯಾವುದು, ಟಿ.ಬಿ. ಯಾವುದು ಅಂತ ಬೇರೆ ಮಾಡುವುದೇ ಕಷ್ಟವಾಗಿತ್ತು, ಎರಡೂ ಒಂದೇ ಎದೆಯಲ್ಲಿ ಇರುತ್ತಿದ್ದವು. ಮುಂದೆ ಅಲ್ಲಿನ ಚಿನ್ನದ ಗಣಿಗಳಲ್ಲಿ ಲೆಕ್ಕ ಹಾಕಿದಾಗ ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಬರುವ ಸಂಭವ ಇಲ್ಲದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಅಂತ ತಿಳಿಯಿತು.

ಇಲ್ಲಿಗೆ ಒಂದು ವಿಷಯ ಗಟ್ಟಿಯಾಯಿತು. ಧೂಳಿನಲ್ಲಿ ಟಿ.ಬಿ. ಕ್ರಿಮಿ ಇಲ್ಲ. ಆದರೆ ಧೂಳು ಕ್ರಿಮಿಗೆ ಬಾಗಿಲು ತೆಗೆದುಕೊಡುತ್ತದೆ.

ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಪಾಠ ಉಳಿಯಿತು. ಆದರೆ ಆ ಪಾಠವನ್ನು ಅಡುಗೆ ಮನೆಗೆ ತರಲು ಬಹಳ ವರ್ಷ ಹಿಡಿಯಿತು.

ಗುಳಿಗೆ ಬಂತು, ಗಾಳಿ ಮರೆತುಹೋಯಿತು

1956ರಲ್ಲಿ ಮದ್ರಾಸಿನಲ್ಲಿ ಒಂದು ಪರೀಕ್ಷೆ ಶುರುವಾಯಿತು. ಬಡ ಟಿ.ಬಿ. ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂನಲ್ಲಿ: ಒಳ್ಳೆ ಗಾಳಿ, ಒಳ್ಳೆ ಊಟ, ಪೂರ್ತಿ ವಿಶ್ರಾಂತಿ, ಜೊತೆಗೆ ಗುಳಿಗೆ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ: ಮನೆಯ ಊಟ, ಮನೆಯ ಗಾಳಿ, ಅದೇ ಗುಳಿಗೆ. ಒಂದು ವರ್ಷದ ಮೇಲೆ ನೋಡಿದರೆ ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಗುಣವಾಗಿದ್ದರು. 1959ರಲ್ಲಿ ಈ ಫಲಿತಾಂಶ ಹೊರಬಂದಾಗ ಜಗತ್ತಿನ ಟಿ.ಬಿ. ಚಿಕಿತ್ಸೆಯ ದಾರಿಯೇ ಬದಲಾಯಿತು. ಗುಡ್ಡದ ಮೇಲಿನ ದವಾಖಾನೆಗಳು ಬೇಕಿಲ್ಲ, ಗುಳಿಗೆ ತಪ್ಪದೆ ನುಂಗಿದರೆ ಸಾಕು.

ಬಡವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಇರಲಿಲ್ಲ. ದೊಡ್ಡವ್ವ ಜನವಾಡದ ಮನೆಯಲ್ಲೇ ಕೂತು ಗುಣವಾದದ್ದು ಮದ್ರಾಸಿನ ಆ ಪರೀಕ್ಷೆಯಿಂದ. ಆದರೆ ಒಂದು ನಷ್ಟವೂ ಆಯಿತು. ಗಾಳಿಯ ಮಾತು ಹಿಂದೆ ಸರಿಯಿತು. ರೋಗ ಬಂದ ಮೇಲೆ ವಾಸಿ ಮಾಡುವುದು ಗುಳಿಗೆ, ಅದು ಸರಿ. ರೋಗ ಬರುವುದಕ್ಕೆ ಮುಂಚೆ ಎದೆಯನ್ನು ಕಾಯುವುದು ಯಾವುದು ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. 1959ರಲ್ಲಿ ಸ್ಥಾಪನೆ, 1960ರ ಸೆಪ್ಟೆಂಬರ್‌ನಲ್ಲಿ ನೆಹರೂ ಅವರಿಂದ ಉದ್ಘಾಟನೆ. ಈ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೋಗಿಗಳನ್ನೇ ಕೂರಿಸಿ ಮಾತಾಡಿಸಿದರು. ಹಳ್ಳಿ ಜನಕ್ಕೆ ರೋಗದ ಅರಿವಿಲ್ಲ, ಅವರು ದವಾಖಾನೆಗೇ ಬರುವುದಿಲ್ಲ ಅಂತ ಆಗ ದೊಡ್ಡವರ ನಂಬಿಕೆ. 1963ರಲ್ಲಿ ಪ್ರಕಟವಾದ ಅವರ ವರದಿ ಬೇರೆಯೇ ಹೇಳಿತು. ರೋಗಿಗಳಲ್ಲಿ ಬಹಳ ಮಂದಿಗೆ ತಮ್ಮ ಕೆಮ್ಮಿನ ಚಿಂತೆ ಇತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ದವಾಖಾನೆಗೆ ಹೋಗಿ ಬಂದಿದ್ದರು. ಆದರೆ ಅಲ್ಲಿ ಬಹಳಷ್ಟು ಜನಕ್ಕೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಆಗಿರಲಿಲ್ಲ.

ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ಅರವತ್ತು ವರ್ಷದ ಹಿಂದಿನ ತುಮಕೂರಿನ ಆ ಬಾಟಲಿ, ನಮ್ಮ ದೊಡ್ಡವ್ವನ ಕಿಟಕಿಯ ಮೇಲಿದ್ದ ಮೂರು ಬಾಟಲಿ. ಏನು ವ್ಯತ್ಯಾಸ?

ಒಲೆಯ ಕಡೆ ಕಣ್ಣು ಹೋದದ್ದು

ಒಲೆಯ ಬಗ್ಗೆ ಮೊದಲು ತಲೆ ಕೆಡಿಸಿಕೊಂಡವರು ಡಾಕ್ಟರುಗಳಲ್ಲ, ಇಂಜಿನಿಯರುಗಳು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಅನ್ನುವ ಕೇಂದ್ರ ಶುರು ಮಾಡಿದರು. ತುಮಕೂರು ಜಿಲ್ಲೆಯ ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಅವರ ಕೆಲಸ ನಡೆಯಿತು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಹೊಗೆ ಹೊರಗೆ ಹೋಗಲು ಕೊಳವೆ, ಕಟ್ಟಿಗೆ ಉಳಿಸುವ ಗೂಡು. ನಿಮ್ಮ ಊರಲ್ಲೂ ಎಂಬತ್ತರ ದಶಕದಲ್ಲಿ ಸರ್ಕಾರದ ಹೊಗೆರಹಿತ ಒಲೆ ಬಂದಿದ್ದು ಹಿರಿಯರಿಗೆ ನೆನಪಿರಬಹುದು. ಆಗಿನ ಮುಖ್ಯ ಚಿಂತೆ ಕಟ್ಟಿಗೆ ಉಳಿಸುವುದು, ಕಾಡು ಉಳಿಸುವುದು. ಹೆಣ್ಣುಮಕ್ಕಳ ಎದೆಯ ಮಾತು ಎರಡನೆಯ ಸಾಲಿನಲ್ಲಿತ್ತು. ಕೊಳವೆಯಲ್ಲಿ ಮಸಿ ಕಟ್ಟಿತು, ಯಾರೂ ತೆಗೆಯಲಿಲ್ಲ, ಬಹಳ ಮನೆಗಳಲ್ಲಿ ಒಲೆ ಒಡೆದು ಮತ್ತೆ ಹಳೆ ಒಲೆಯೇ ಬಂತು.

ಅದೇ ಕಾಲಕ್ಕೆ ಕರ್ಕ್ ಸ್ಮಿತ್ ಅನ್ನುವ ಅಮೆರಿಕದ ವಿಜ್ಞಾನಿ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರಿಗೆ ಅಳತೆಯ ಉಪಕರಣ ಕಟ್ಟಿ ಹೊಗೆ ಅಳೆದರು. ದೊಡ್ಡ ನಗರಗಳ ರಸ್ತೆಗಿಂತ ಹಳ್ಳಿಯ ಒಲೆ ಮುಂದಿನ ಗಾಳಿ ಹಲವು ಪಟ್ಟು ಕೆಟ್ಟದ್ದಾಗಿತ್ತು. ‘ಮಾಲಿನ್ಯ’ ಅಂದರೆ ಕಾರ್ಖಾನೆ, ಲಾರಿ ಅಂತ ತಿಳಿದಿದ್ದ ಜಗತ್ತಿಗೆ ಅದು ಹೊಸ ಮಾತು.

ಟಿ.ಬಿ.ಯ ಲೆಕ್ಕ ಬಂದದ್ದು 1999ರಲ್ಲಿ. 1992-93ರಲ್ಲಿ ನಡೆದ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಪ್ರತಿ ಮನೆಯಲ್ಲೂ ಯಾವ ಉರುವಲು, ಯಾರಿಗಾದರೂ ಟಿ.ಬಿ. ಇದೆಯೇ ಅಂತ ಕೇಳಿದ್ದರು. ಸ್ಮಿತ್ ಮತ್ತು ಜೊತೆಗಾರರು ಅದರಲ್ಲಿ 20 ವರ್ಷ ದಾಟಿದ ಸುಮಾರು 2 ಲಕ್ಷ 60 ಸಾವಿರ ಜನರ ಮಾಹಿತಿ ತೆಗೆದು ನೋಡಿದರು. ಕಟ್ಟಿಗೆ, ಕುಳ್ಳು ಉರಿಸುವ ಮನೆಯವರಲ್ಲಿ ಟಿ.ಬಿ. ಇರುವ ಸಂಭವ ಎರಡೂವರೆ ಪಟ್ಟು ಹೆಚ್ಚು ಕಂಡಿತು. ಮನೆಯ ಸ್ಥಿತಿಗತಿ, ಓದು, ವಯಸ್ಸು ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಷ್ಟು ಉಳಿಯಿತು.

ಇಲ್ಲಿ ನಿಲ್ಲಿಸಿದರೆ ಕಥೆ ಸುಲಭ. ಆದರೆ ನಿಮಗೆ ಪೂರ್ತಿ ಹೇಳಬೇಕು. ಆ ಸಮೀಕ್ಷೆಯಲ್ಲಿ ಯಾರ ಕಫವನ್ನೂ ಪರೀಕ್ಷಿಸಿರಲಿಲ್ಲ, ಮನೆಯವರು ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಂಡಿದ್ದರು. ಕಟ್ಟಿಗೆ ಒಲೆ ಇರುವುದು ಬಡವರ ಮನೆಯಲ್ಲಿ, ಟಿ.ಬಿ. ಹೆಚ್ಚು ಬರುವುದೂ ಬಡವರಿಗೇ. ಹಾಗಾದರೆ ತಪ್ಪು ಹೊಗೆಯದೋ, ಬಡತನದ್ದೋ?

ಈ ಪ್ರಶ್ನೆ ಇಟ್ಟುಕೊಂಡು ಆಮೇಲೆ ಹಲವು ಅಧ್ಯಯನ ನಡೆದವು. 2006ರಲ್ಲಿ ಬೆಂಗಳೂರಿನಿಂದ ಬಂದ ಒಂದು ಅಧ್ಯಯನ ನಮಗೆ ಬಹಳ ಹತ್ತಿರದ್ದು. ಟಿ.ಬಿ. ಇದ್ದವರನ್ನೂ ಇಲ್ಲದವರನ್ನೂ ಜೋಡಿ ಮಾಡಿ ಹೋಲಿಸಿದರು. ಯಾವ ಉರುವಲು ಅನ್ನುವುದರಲ್ಲಿ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಆದರೆ ಬೇರೆ ಅಡುಗೆ ಮನೆ ಇಲ್ಲದೆ, ಮಲಗುವ ಕೋಣೆಯಲ್ಲೇ ಅಡುಗೆ ಮಾಡುವಂಥವರಲ್ಲಿ ಟಿ.ಬಿ. ಸಂಭವ ಮೂರು ಪಟ್ಟಿಗಿಂತ ಹೆಚ್ಚಿತ್ತು. ನೇಪಾಳದ ಪೋಖರಾದಲ್ಲಿ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಕಟ್ಟಿಗೆ ಒಲೆಗಿಂತ ಸೀಮೆಎಣ್ಣೆ ಸ್ಟೋವ್, ಸೀಮೆಎಣ್ಣೆ ದೀಪಗಳ ಜೊತೆ ಟಿ.ಬಿ. ಸಂಬಂಧ ಗಟ್ಟಿಯಾಗಿ ಕಂಡಿತು. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಓದಿದ ನನ್ನ ವಯಸ್ಸಿನವರಿಗೆ ಇದು ತಾಕುವ ಮಾತು. 2013ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ಮನೆಯೊಳಗಿನ ಹೊಗೆಯಿಂದ ಟಿ.ಬಿ. ಸಂಭವ ನೂರಕ್ಕೆ ಮೂವತ್ತರಷ್ಟು ಹೆಚ್ಚಾಗುತ್ತದೆ ಅಂತ ಬಂತು. ಎರಡೂವರೆ ಪಟ್ಟು ಅಲ್ಲ, ಆದರೆ ಸೊನ್ನೆಯೂ ಅಲ್ಲ.

ಹೊರಗಿನ ಗಾಳಿಯ ಬಗ್ಗೆ ತೈವಾನ್, ದಕ್ಷಿಣ ಕೊರಿಯಾ, ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಧ್ಯಯನಗಳ ಕಥೆಯೂ ಹೀಗೇ. ಕೆಲವು ಬಗೆಯ ಮಾಲಿನ್ಯದ ಜೊತೆ ಸಂಬಂಧ ಕಂಡಿದೆ, ಕೆಲವದರ ಜೊತೆ ಕಂಡಿಲ್ಲ.

ಬೀಡಿ ಸಿಗರೇಟಿನ ವಿಷಯದಲ್ಲಿ ಮಾತ್ರ ಗೊಂದಲ ಇಲ್ಲ. 2003ರಲ್ಲಿ ತಮಿಳುನಾಡಿನ ಸಾವುಗಳ ದೊಡ್ಡ ಅಧ್ಯಯನ ಒಂದು ಬಂತು. ಸೇದುವ ಗಂಡಸರು ಟಿ.ಬಿ.ಯಿಂದ ಸಾಯುವ ಸಂಭವ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟು. ಒಲೆ ಹೊಗೆಯೇ ಕಾರಣ ಆಗಿದ್ದರೆ ಹೆಂಗಸರಿಗೇ ಟಿ.ಬಿ. ಹೆಚ್ಚು ಬರಬೇಕಿತ್ತಲ್ಲ, ಗಂಡಸರಲ್ಲಿ ಯಾಕೆ ಹೆಚ್ಚು ಅಂತ ಕೆಲವರು ಕೇಳುತ್ತಾರೆ. ಉತ್ತರದ ಒಂದು ಭಾಗ ಇಲ್ಲಿದೆ. ಗಂಡಸು ತನ್ನ ಒಲೆಯನ್ನು ಬಾಯಲ್ಲೇ ಇಟ್ಟುಕೊಂಡು ತಿರುಗುತ್ತಾನೆ.

ಎದೆಯೊಳಗೆ ನಡೆಯುವುದು

ಟಿ.ಬಿ. ಕ್ರಿಮಿ ನಮ್ಮೊಳಗೆ ಬಂದ ಕೂಡಲೆ ರೋಗ ಬರುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಭಾರತೀಯರಲ್ಲಿ ನೂರಕ್ಕೆ ಸುಮಾರು 31 ಮಂದಿಯ ದೇಹದಲ್ಲಿ ಈ ಸೋಂಕಿದೆ. ಅವರಲ್ಲಿ ಬಹುತೇಕರಿಗೆ ಜೀವಮಾನದಲ್ಲಿ ರೋಗ ಬರುವುದಿಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಯಾವತ್ತೋ ಒಂದು ದಿನ ರೋಗ ಏಳುತ್ತದೆ. ಉಳಿದವರಲ್ಲಿ ಕ್ರಿಮಿ ಮಲಗಿಯೇ ಇರುತ್ತದೆ.

ಅದನ್ನು ಮಲಗಿಸಿ ಇಡುವವರು ಯಾರು? ಶ್ವಾಸನಾಳದ ಒಳಗೋಡೆಯಲ್ಲಿ ಕೂದಲಿನಂಥ ಸಣ್ಣ ಎಳೆಗಳಿವೆ. ಕಸಬರಿಗೆಯ ಹಾಗೆ ಕಫ, ಧೂಳು, ಕ್ರಿಮಿಗಳನ್ನು ಮೇಲಕ್ಕೆ ಗುಡಿಸುತ್ತಲೇ ಇರುತ್ತವೆ. ಇನ್ನೂ ಒಳಗೆ, ಗಾಳಿಚೀಲಗಳಲ್ಲಿ, ಕಾವಲು ಕಣಗಳಿವೆ. ಒಳಗೆ ಬಂದ ಕ್ರಿಮಿಯನ್ನು ನುಂಗುವುದು, ಸುತ್ತುಗಟ್ಟಿ ಕೂಡಿಹಾಕುವುದು ಅವುಗಳ ಕೆಲಸ.

ಹೊಗೆ ಈ ಎರಡಕ್ಕೂ ಪೆಟ್ಟು ಕೊಡುತ್ತದೆ. ಎಳೆಗಳು ಸೋಲುತ್ತವೆ, ಗುಡಿಸುವ ಕೆಲಸ ನಿಧಾನವಾಗುತ್ತದೆ. ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿನಷ್ಟು ಸಣ್ಣ ಮಸಿಯ ಕಣಗಳು ಗಾಳಿಚೀಲದ ತಳಕ್ಕೆ ಇಳಿಯುತ್ತವೆ. ಕಾವಲು ಕಣ ಅವನ್ನೂ ನುಂಗುತ್ತದೆ. ಹೊಟ್ಟೆ ತುಂಬ ಮಸಿ ತುಂಬಿಕೊಂಡ ಕಾವಲುಗಾರ ಕಳ್ಳನನ್ನು ಹಿಡಿಯುವುದು ಹೇಗೆ? ಕೋಲಾರದ ಸಿಲಿಕಾ ಇನ್ನೂ ಕ್ರೂರ, ಅದು ಕಾವಲು ಕಣವನ್ನೇ ಕೊಂದುಹಾಕುತ್ತದೆ. ಸಕ್ಕರೆ ಕಾಯಿಲೆ, ಅಪೌಷ್ಟಿಕತೆ, ಕುಡಿತ, ಎಚ್‌ಐವಿ ಇದ್ದರೂ ಕಾವಲು ಸಡಿಲಾಗುತ್ತದೆ. ಇವುಗಳಲ್ಲಿ ಎರಡು ಮೂರು ಒಂದೇ ಮನೆಯಲ್ಲಿ ಸೇರಿದರೆ ಹೇಳಬೇಕೇ?

ಬೆಳಕಿಂಡಿ ಇಲ್ಲದ ಮನೆ

ಈಗ ನಮ್ಮೂರಿಗೆ ಬರೋಣ. ಜನವಾಡದ ಹಳೆ ಮಣ್ಣಿನ ಮಾಳಿಗೆ ಮನೆಗಳನ್ನು ನೋಡಿದ್ದೀರಿ. ಗೋಡೆ ದಪ್ಪ, ಕಿಟಕಿ ಕಮ್ಮಿ. ಆದರೆ ಒಲೆಯ ಮೇಲೆ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇರುತ್ತಿತ್ತು. ಬೆಳಕು ಒಳಗೆ, ಹೊಗೆ ಹೊರಗೆ. ಮಳೆ ಬಂದರೆ ಮೇಲೆ ಹತ್ತಿ ಮುಚ್ಚುತ್ತಿದ್ದರು. ಹೊಗೆ ಪೂರ್ತಿ ಹೋಗುತ್ತಿರಲಿಲ್ಲ ನಿಜ, ತೊಲೆಗಳೆಲ್ಲ ಮಸಿಯಿಂದ ಕಪ್ಪಾಗಿರುತ್ತಿದ್ದವು. ಆದರೆ ಹೋಗಲು ಒಂದು ದಾರಿ ಇತ್ತು.

ನಾವು ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಸ್ಲ್ಯಾಬ್ ಹಾಕಿದೆವು. ಸೋರುವುದು ನಿಂತಿತು, ಒಳ್ಳೆಯದೇ. ಬೆಳಕಿಂಡಿಯೂ ಹೋಯಿತು. ಅಡುಗೆ ಕೋಣೆಗೆ ಗ್ಯಾಸ್ ಬಂದೇ ಬರುತ್ತದೆ ಅಂತ ಕಿಟಕಿಯನ್ನೂ ಸಣ್ಣದು ಮಾಡಿದೆವು. ಗ್ಯಾಸ್ ಬಂತು. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾದ ಮೇಲೆ ನಮ್ಮ ಓಣಿಯಲ್ಲೂ ಕೆಂಪು ಸಿಲಿಂಡರ್ ಕಂಡವು. ಆದರೆ ಚಹಾ ಗ್ಯಾಸಿನ ಮೇಲೆ, ರೊಟ್ಟಿ ಒಲೆಯ ಮೇಲೆ. ದೊಡ್ಡವ್ವನನ್ನು ಕೇಳಿದರೆ, “ದಿನಾ ಇಪ್ಪತ್ತು ರೊಟ್ಟಿ ಗ್ಯಾಸಿನ ಮ್ಯಾಲ ಬಡದ್ರ ಸಿಲಿಂಡರ್ ಎಷ್ಟು ದಿನ ಬರ್ತದ? ಕಟಗಿ ಹೊಲದಾಗ ಪುಕಟ ಬಿದ್ದಾವ” ಅಂತಾಳೆ. ಅವಳ ಲೆಕ್ಕ ತಪ್ಪಲ್ಲ. ಹೊಗೆಯ ಲೆಕ್ಕ ಅದರಲ್ಲಿ ಸೇರಿಲ್ಲ ಅಷ್ಟೇ.

ಬೆಂಗಳೂರಿನ ಆ ಅಧ್ಯಯನದಲ್ಲಿ ಅಡುಗೆ ಕೋಣೆಯ ಮಾತು ಯಾಕೆ ಎದ್ದು ಬಂತು ಅಂತ ನನಗೆ ಇಲ್ಲಿ ಹೊಳೆಯಿತು. ಒಂದೇ ಕೋಣೆ, ಒಂದೇ ಗಾಳಿ. ಹೊಗೆ ಎದೆಯ ಕಾವಲು ಸಡಿಲಿಸುತ್ತದೆ. ಅದೇ ಮುಚ್ಚಿದ ಕೋಣೆಯಲ್ಲಿ ಯಾರಾದರೂ ಟಿ.ಬಿ. ಇದ್ದವರು ಕೆಮ್ಮಿದರೆ ಕ್ರಿಮಿಯೂ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ. ಹೊಗೆ ಹೊರಗೆ ಹೋಗುವ ದಾರಿಯೇ ಕ್ರಿಮಿ ಹೊರಗೆ ಹೋಗುವ ದಾರಿ. ಒಂದು ಕಿಟಕಿಗೆ ಎರಡು ಕೆಲಸ. ಗುಡ್ಡದ ಮೇಲೆ ಸ್ಯಾನಿಟೋರಿಯಂ ಕಟ್ಟಿದವರು ಪೂರ್ತಿ ತಪ್ಪಿರಲಿಲ್ಲ. ಗಾಳಿ ಔಷಧಿ ಅಂತ ನಂಬಿದ್ದು ತಪ್ಪು. ಗಾಳಿ ಕಾವಲು ಅಂದಿದ್ದರೆ ಸರಿ ಇತ್ತು.

ಕೆಮ್ಮಿಗೆ ಹೆಸರಿಡುವ ಮುನ್ನ

ಈ ಚರಿತ್ರೆಯಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಹೊಗೆಯಲ್ಲ, ‘ಹೊಗಿ ಕೆಮ್ಮು’ ಅನ್ನುವ ಮಾತು. ತುಮಕೂರಿನಲ್ಲಿ ಅರವತ್ತರ ದಶಕದಲ್ಲಿ ಜನ ಕೆಮ್ಮು ಹಿಡಿದುಕೊಂಡು ದವಾಖಾನೆಗೆ ಹೋಗಿದ್ದರು, ದವಾಖಾನೆ ಅವರನ್ನು ಬಾಟಲಿ ಕೊಟ್ಟು ಕಳಿಸಿತ್ತು. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಟಿ.ಬಿ. ಲಕ್ಷಣ ಇದ್ದವರಲ್ಲಿ ನೂರಕ್ಕೆ ಸುಮಾರು 64 ಮಂದಿ ಎಲ್ಲೂ ತೋರಿಸಿರಲೇ ಇಲ್ಲ. ಕಾರಣ ಕೇಳಿದರೆ ಹೆಚ್ಚಿನವರದು ಒಂದೇ: ಲಕ್ಷಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೊಗೆ ಕೆಮ್ಮು, ಬೀಡಿ ಕೆಮ್ಮು, ಧೂಳಿನ ಕೆಮ್ಮು, ಚಳಿಗಾಲದ ಕೆಮ್ಮು. ಹೆಸರು ಇಟ್ಟ ಮೇಲೆ ಪರೀಕ್ಷೆ ಯಾಕೆ ಅಂತ.

ಹೊಗೆ ಹೀಗೆ ಎರಡು ಸಲ ಮೋಸ ಮಾಡುತ್ತದೆ. ಮೊದಲು ಎದೆಯ ಕಾವಲು ಸಡಿಲಿಸುತ್ತದೆ, ಆಮೇಲೆ ರೋಗಕ್ಕೆ ತನ್ನ ಹೆಸರು ಕೊಟ್ಟು ಬಚ್ಚಿಡುತ್ತದೆ.

ಹಾಗಾಗಿ ಎರಡು ವಾರ ದಾಟಿದ ಕೆಮ್ಮು ಯಾವುದೇ ಇರಲಿ, ಕಫ ಪರೀಕ್ಷೆ ಮಾಡಿಸಿ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದ್ದರಂತೂ ಒಂದು ದಿನವೂ ತಡ ಬೇಡ. ಸರ್ಕಾರಿ ದವಾಖಾನೆಯಲ್ಲಿ ಪರೀಕ್ಷೆಗೂ ಗುಳಿಗೆಗೂ ದುಡ್ಡಿಲ್ಲ. ಎಕ್ಸ್‌ರೇಯನ್ನೂ ಕೇಳಿ, ಯಾಕೆಂದರೆ ಅದೇ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿ ಎಕ್ಸ್‌ರೇ ಇಲ್ಲದಿದ್ದರೆ ತಪ್ಪಿಹೋಗುತ್ತಿದ್ದರು. ಗುಳಿಗೆ ನಡೆಯುವಷ್ಟು ದಿನ ಊಟಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಖಾತೆಗೆ ದುಡ್ಡು ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ನಿಮ್ಮ ಆಶಾ ಕಾರ್ಯಕರ್ತೆಗೆ ಇದೆಲ್ಲ ಗೊತ್ತಿರುತ್ತದೆ, ಕೇಳಿ.

ಒಲೆಯನ್ನು ಇವತ್ತೇ ಬಿಡಿ ಅಂತ ನಾನು ಹೇಳಲಾರೆ. ಹೇಳಿದರೆ ದೊಡ್ಡವ್ವನೇ ನನಗೆ ಲಟ್ಟಣಿಗೆ ತೋರಿಸುತ್ತಾಳೆ. ಆದರೆ ಒಲೆಯನ್ನು ಮಲಗುವ ಕೋಣೆಯಿಂದ ಹೊರಗೆ, ಪಡಸಾಲೆಗೋ ಹಿತ್ತಲಿಗೋ ಒಯ್ಯಬಹುದು. ಹಸಿ ಕಟ್ಟಿಗೆ ಬಿಟ್ಟು ಒಣಗಿದ್ದು ಉರಿಸಬಹುದು. ಸೊಸೆ ಒಲೆ ಮುಂದೆ ಕೂತಾಗ ಮೊಮ್ಮಗುವನ್ನು ಅವಳ ತೊಡೆಯಿಂದ ಎತ್ತಿಕೊಳ್ಳಬಹುದು. ಹೊಸ ಮನೆ ಕಟ್ಟಿಸುವವರು ಗೌಂಡಿಗೆ ಹೇಳಿ ಅಡುಗೆ ಕೋಣೆಯ ಮೇಲೆ ಒಂದು ಬೆಳಕಿಂಡಿ ಬಿಡಿಸಬಹುದು. ಕಬ್ಬಿನ ಒಣ ಎಲೆಗೆ ಹೊಲದಲ್ಲಿ ಬೆಂಕಿ ಇಡುವ ಮುಂಚೆ ಗಾಳಿ ಯಾವ ಮನೆ ಕಡೆ ಬೀಸುತ್ತಿದೆ ಅಂತ ನೋಡಬಹುದು. ಬೀಡಿಯನ್ನು ಮಾತ್ರ ಬಿಡಲೇಬೇಕು.

ದೊಡ್ಡವ್ವನ ಪ್ರಶ್ನೆಗೆ ಉತ್ತರ ಕೊಟ್ಟೆ. “ಹೊಗಿಯಿಂದ ಟಿ.ಬಿ. ಬರಲ್ಲ ದೊಡ್ಡವ್ವ, ಹುಳದಿಂದ ಬರ್ತದ. ಹೊಗಿ ಅದಕ್ಕ ಬಾಗಲಾ ತೆಗಿತದ.”

ಅವಳು ರೊಟ್ಟಿ ಬಡಿಯುತ್ತಲೇ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಅಂದಳು, “ಹಂಗಾದ್ರ ಮಗ್ಗಲ ಮನಿ ಗೌರಕ್ಕಗ ಹೇಳು. ತಿಂಗಳಾತು, ಹೊಗಿ ಕೆಮ್ಮು ಅಂತ ಕುಂತಾಳ.”

ಮರುದಿನ ಬೆಳಿಗ್ಗೆ ಗೌರಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಹೋದೆ. ಕಫದ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಅವಳು ಕೇಳಿದಳು, “ಹೊಗಿ ಕೆಮ್ಮಿಗೂ ಇದೆಲ್ಲಾ ಬೇಕೇನಪಾ?”

ಬೇಕು ಅಂದೆ.